ಕೊಕ್ಕರೆಯ ಮೈಗೆ ಬಳಿದ ಬಣ್ಣ ತೆಗೆಸಿ

ಮಾನ್ಯ ಸಂಪಾದಕರೇ,

ಬದಿಯಡ್ಕ ಪರಿಸರದ ಸಂಸ್ಥೆಯೊಂದರ ಅಂಗಳದಲ್ಲಿರುವ ಕಬ್ಬಿಣದ ಕೊಕ್ಕರೆಗೆ ಕಳೆದ ವಾರ ಬೆಳ್ಳಿ ಬಣ್ಣ ಬಳಿದಿದ್ದಾರೆ. ಕಾರ್ಯಕ್ರಮಕ್ಕೆ ಅತಿಥಿಗಳು ಬರುವವರಿದ್ದರು, ತುಕ್ಕು ಕಣ್ಣಿಗೆ ಬೀಳಬಾರದು ಎಂಬುದು ಅವರು ಕೊಟ್ಟ ಕಾರಣ.

ಆ ಕೊಕ್ಕರೆಯ ಕೊರಳು ನನ್ನ ಅಜ್ಜಿಯ ಮೆಟ್ಟುಕತ್ತಿ, ಅಂದರೆ ಕೂತು ತರಕಾರಿ ಹೆಚ್ಚುವ ಈಳಿಗೆ. ಹಲಸು, ಸುವರ್ಣಗೆಡ್ಡೆ, ಸೌತೆ ಹೆಚ್ಚಿ ಹೆಚ್ಚಿ, ಮಸೆದು ಮಸೆದು ಅಲಗು ನಡುವಿನಲ್ಲಿ ಅರ್ಧ ಬೆರಳಿನಷ್ಟು ಸವೆದಿತ್ತು. ತುದಿಯ ಬಾಗಿನಲ್ಲಿ ಹಲಸಿನ ಮೇಣ ಕಪ್ಪಾಗಿ ಗಟ್ಟಿಯಾಗಿತ್ತು. ಗುಜರಿಗೆ ಹೋಗಲಿದ್ದುದನ್ನು ನಮ್ಮೂರಿನ ಲೋಹಶಿಲ್ಪಿಯೊಬ್ಬರಿಗೆ ಕೊಟ್ಟೆ. ಯಾವ ಸಾಮಾನು ಬಂದರೂ ಅವರು ಮೊದಲು ವಿಚಾರಿಸುವುದು ಅದು ಯಾರ ಮನೆಯದು, ಏನು ಕೆಲಸ ಮಾಡುತ್ತಿತ್ತು ಎಂದು. ಅದನ್ನು ಸೀಮೆಸುಣ್ಣದಲ್ಲಿ ಅದರ ಮೈಮೇಲೇ ಬರೆದು, ತಿಂಗಳುಗಟ್ಟಲೆ ಕಣ್ಣೆದುರು ಇಟ್ಟುಕೊಳ್ಳುತ್ತಾರೆ. ಆಮೇಲೆಯೇ ವೆಲ್ಡಿಂಗ್. “ಇವಳು ಇಷ್ಟು ಕಾಲ ಕೂತು ದುಡಿದವಳು ಟೀಚರೇ, ಇನ್ನು ನಿಂತು ಗದ್ದೆ ನೋಡಲಿ” ಎಂದರು. ಎರಡು ಹಳೆಯ ಗುದ್ದಲಿಗಳು ರೆಕ್ಕೆಯಾದವು. ಅಜ್ಜಿಯ ಕೈಯಲ್ಲಿ ಸವೆದ ಆ ತಗ್ಗು ದಾರಿಯ ಕಡೆಗೆ ಕಾಣುವಂತೆ ಕೊರಳನ್ನು ತಿರುಗಿಸಿ ಕೂರಿಸಿದ್ದರು. ಈಗ ಅಲ್ಲಿ ಬಣ್ಣ ಕೆನೆಗಟ್ಟಿದೆ.

1942ರಲ್ಲಿ ಕಲಾವಿದ ಪಿಕಾಸೊ ಸೈಕಲ್ಲಿನ ಸೀಟು, ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಅದರಲ್ಲಿ ಗೂಳಿಯೂ ಕಾಣುತ್ತದೆ, ಸೈಕಲ್ಲೂ ಕಾಣುತ್ತದೆ. ನಮ್ಮ ಕೊಕ್ಕರೆಯಲ್ಲಿ ಮೆಟ್ಟುಕತ್ತಿ ಮರೆಯಾಗಿಬಿಟ್ಟಿತು. ಆಯುಧಪೂಜೆಯಂದು ಕತ್ತಿ ಗುದ್ದಲಿಗಳಿಗೆ ಗಂಧ ಹಚ್ಚಿ ಬಿಡುವು ಕೊಡುವವರು ನಾವು. ನಮಗೇ ಇದನ್ನು ಬಿಡಿಸಿ ಹೇಳಬೇಕಾಗಿ ಬಂದುದಕ್ಕೆ ನೋವಾಗುತ್ತದೆ.

ತುಕ್ಕಿನ ಭಯ ಸುಳ್ಳಲ್ಲ, ನಮ್ಮ ಮಳೆಗೆ ಕಬ್ಬಿಣ ಬೇಗ ಸೊರಗುತ್ತದೆ. ಆದರೆ ಸಡಿಲ ತುಕ್ಕಿನ ಮೇಲೆ ಬಣ್ಣ ಬಳಿದರೆ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಹೋಗಿ, ಬಣ್ಣ ಹಕ್ಕಳೆಯಾಗಿ ಏಳುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಕಬ್ಬಿಣವನ್ನು ತುಸು ಬಿಸಿ ಮಾಡಿ ಜೇನುಮೇಣ ತಿಕ್ಕಬೇಕು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಇಷ್ಟು ಮಾಡಿದರೆ ಮೈಯೂ ಉಳಿಯುತ್ತದೆ, ಗುರುತೂ ಉಳಿಯುತ್ತದೆ.

ಸಂಸ್ಥೆಯವರು ದಯವಿಟ್ಟು ಬಣ್ಣ ತೆಗೆಯಲು ಒಪ್ಪಿಗೆ ಕೊಡಬೇಕು. ಶಿಲ್ಪಿ ಕೂಲಿ ಬೇಡವೆಂದಿದ್ದಾರೆ. ಜೇನುಮೇಣ ನಾನು ತರುತ್ತೇನೆ.

– ನಿವೃತ್ತ ಅಧ್ಯಾಪಿಕೆ, ನೀರ್ಚಾಲು, ಕಾಸರಗೋಡು