ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ: ಸೋದರಸೊಸೆಗೆ ಒಂದು ಪತ್ರ

ಮಂಡ್ಯ
ಏಪ್ರಿಲ್ ಎರಡನೇ ವಾರ

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಈಗ ಪರವಾಗಿಲ್ಲ.

ನೀನು ಫೋನ್ ಮಾಡಿದಾಗ ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಮೇಲಾಗಿ ನಿನ್ನ ಯಜಮಾನರೂ ನಿಮ್ಮ ಅತ್ತೆಯವರೂ ಓದಲಿ ಅಂತ ಬರೆಯುತ್ತಿದ್ದೇನೆ. ಮಕ್ಕಳಿಗೆ ಫ್ಲೂ ಲಸಿಕೆ ಹಾಕಿಸಬೇಕೋ ಬೇಡವೋ ಅಂದೆಯಲ್ಲ, ಹಾಕಿಸು ಅಂತಲೇ ನನ್ನ ಮಾತು. ಆದರೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದನ್ನು ತಿಳಿದು ಹಾಕಿಸು. ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಚಿಂಟುಗೆ ಮೂಗು ಸೋರಿದ ದಿನವೇ ದುಡ್ಡು ದಂಡ ಆಯ್ತು ಅಂತ ಮನೆಯಲ್ಲಿ ಮಾತು ಶುರುವಾಗುತ್ತದೆ.

ನೆಗಡಿ ಬೇರೆ, ಫ್ಲೂ ಬೇರೆ ಕಣಮ್ಮ. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ಪ್ಲೇ ಸ್ಕೂಲಿಗೆ ಹೋಗುವ ಮಗುವಿಗೆ ಇನ್ನೂ ಜಾಸ್ತಿ. ಅದನ್ನು ಈ ಲಸಿಕೆ ತಡೆಯುವುದಿಲ್ಲ. ಇದು ಇನ್‌ಫ್ಲುಯೆಂಜಾ ವೈರಸ್ಸಿಗೆ ಮಾತ್ರ. ಅದು ಬಂದರೆ ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಕೆಂಡದಂಥ ಜ್ವರದಲ್ಲಿ ಮಲಗಿಬಿಡುತ್ತದೆ. ಬಹಳಷ್ಟು ಮಕ್ಕಳು ಒಂದು ವಾರದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಅದು ಎದೆಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಐದು ವರ್ಷದೊಳಗಿನವರಿಗೆ, ಅದರಲ್ಲೂ ಎರಡು ವರ್ಷ ತುಂಬದವರಿಗೆ, ಆ ಅಪಾಯ ಹೆಚ್ಚು.

ಲಸಿಕೆ ಪೂರ್ತಿ ತಡೆಯುತ್ತದಾ? ಇಲ್ಲ. ಆ ವರ್ಷ ಓಡಾಡುವ ವೈರಸ್ಸಿಗೆ ಲಸಿಕೆ ಚೆನ್ನಾಗಿ ಹೊಂದಿಕೊಂಡರೆ, ಫ್ಲೂ ಆಗಿ ಡಾಕ್ಟರ ಹತ್ತಿರ ಹೋಗಬೇಕಾಗಿದ್ದ 100 ಜನರಲ್ಲಿ 40ರಿಂದ 60 ಜನರಿಗೆ ಅದು ತಪ್ಪುತ್ತದೆ. ಲಸಿಕೆ ಆದಮೇಲೂ ಬಂದರೆ ಸಾಮಾನ್ಯವಾಗಿ ಹಗುರವಾಗಿ ಹೋಗುತ್ತದೆ. ನನಗೆ ಇದು ಕಡಿಮೆ ಅನ್ನಿಸುವುದಿಲ್ಲ.

ನಿನ್ನ ಯಜಮಾನರು ಸರ್ಕಾರದವರೇ ಕೊಡುವುದಿಲ್ಲವಲ್ಲ, ಇದೆಲ್ಲ ವ್ಯಾಪಾರ ಅಂದರಂತೆ. ಅನುಮಾನ ಪಡುವುದು ತಪ್ಪಲ್ಲ. ಸರ್ಕಾರದ ಪಟ್ಟಿಯಲ್ಲಿ ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾ, ನ್ಯುಮೋಕಾಕಸ್ ಬ್ಯಾಕ್ಟೀರಿಯಾ ತಡೆಯುವ ಪಿಸಿವಿ, ದಡಾರ-ರುಬೆಲ್ಲಾ ಎಲ್ಲ ಇವೆ. ನಮ್ಮ ಮಂಡ್ಯ ಕಡೆಗೆ ಮೆದುಳುಜ್ವರದ ಜೆಇ ಲಸಿಕೆಯೂ ಉಂಟು. ಫ್ಲೂ ಲಸಿಕೆ ಅದರಲ್ಲಿ ಇಲ್ಲ, ನಿಜ. ಆದರೆ ಕೋಟ್ಯಂತರ ಮಕ್ಕಳಿಗೆ ಪುಕ್ಕಟೆ ಕೊಡುವ ಪಟ್ಟಿಯೇ ಬೇರೆ, ನಮ್ಮ ಮನೆಯ ಮಗುವಿಗೆ ಯಾವುದು ಒಳ್ಳೆಯದು ಅನ್ನುವ ಲೆಕ್ಕವೇ ಬೇರೆ. ಭಾರತೀಯ ಮಕ್ಕಳ ತಜ್ಞರ ಸಂಘದವರು ಆರು ತಿಂಗಳಿನಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ವರ್ಷಕ್ಕೊಮ್ಮೆ ಹಾಕಿಸಿ ಎನ್ನುತ್ತಾರೆ. ಒಂದು ಮಾತು ಮಾತ್ರ. ತಾಯಿ ಕಾರ್ಡ್ ತೆಗೆದು ನೋಡು. ಸರ್ಕಾರದ ಲಸಿಕೆ ಯಾವುದಾದರೂ ತಪ್ಪಿದ್ದರೆ ಮೊದಲು ಅದನ್ನು ಹಾಕಿಸು. ಫ್ಲೂ ಹಿಂದೆಯೇ ಬರುವ ನ್ಯುಮೋನಿಯಾಕ್ಕೆ ಎಷ್ಟೋ ಸಲ ಬ್ಯಾಕ್ಟೀರಿಯಾ ಕಾರಣ. ಅವುಗಳಲ್ಲಿ ಮುಖ್ಯವಾದ ನ್ಯುಮೋಕಾಕಸ್‌ಗೆ ಪಿಸಿವಿಯೇ ಕಾವಲು.

ವ್ಯಾಪಾರದ ಮಾತು ಬಂದಾಗ ನಾನೂ ಔಷಧಿ ಮಾರುವವನೇ ಅಲ್ವಾ! ಅದಕ್ಕೇ ಹೇಳುತ್ತೇನೆ, ನನ್ನ ಅಂಗಡಿಯಿಂದ ತರಿಸಿಕೊಳ್ಳಬೇಡ. ಈ ಲಸಿಕೆ ಸದಾ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಬಿಸಿಯಾದರೂ ಕೆಟ್ಟಿತು. ಏಪ್ರಿಲ್ ಬಿಸಿಲಲ್ಲಿ ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ತಂದದ್ದನ್ನು ಮಗುವಿಗೆ ಕೊಡುವ ಧೈರ್ಯ ನನಗಿಲ್ಲ. ನಿಮ್ಮ ಮಕ್ಕಳ ಡಾಕ್ಟರ ಕ್ಲಿನಿಕ್‌ನಲ್ಲೇ ಹಾಕಿಸು. ಡಬ್ಬದ ಮೇಲೆ ಯಾವ ವರ್ಷದ್ದು, ಎಕ್ಸ್‌ಪೈರಿ ಯಾವಾಗ ಅಂತ ಕೇಳು. ಸಂಕೋಚ ಬೇಡ. ವೈರಸ್ ಬದಲಾಗುತ್ತಲೇ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಯಾವ ತಳಿ ಸೇರಿಸಬೇಕು ಅಂತ ಹೇಳುತ್ತದೆ. ಹಳೆಯ ಸ್ಟಾಕ್ ನಮಗೆ ಬೇಡ. ಮೊದಲು ನಾಲ್ಕು ತಳಿ ಇತ್ತು, ಈಗ ಮೂರೇ ಇದೆ ಅಂದರೆ ಗಾಬರಿಯಾಗಬೇಡ. ಆ ನಾಲ್ಕನೆಯದು 2020ರ ಮಾರ್ಚ್‌ನಿಂದ ಈಚೆಗೆ ಎಲ್ಲೂ ಕಾಣಿಸಿಕೊಂಡಿಲ್ಲ.

ನಮ್ಮ ದೇಶದಲ್ಲಿ ಫ್ಲೂ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಯ ಹಿಂದೆ ಒಮ್ಮೆ. ಎರಡನೆಯದು ದಸರೆಯ ಜನಜಂಗುಳಿಯ ಹೊತ್ತಿಗೆ ಸರಿಯಾಗಿ ಬರುತ್ತದೆ! ಮೊದಲ ಸಲ ಹಾಕಿಸುವಾಗ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಆಮೇಲೆ ವರ್ಷಕ್ಕೆ ಒಂದು. ಎರಡನೇ ಡೋಸ್ ಆಗಿ ಎರಡು ವಾರಕ್ಕೆ ಮೈಗೆ ಶಕ್ತಿ ಬರುತ್ತದೆ. ಚಿಂಟುಗೆ ಈ ತಿಂಗಳೇ ಶುರುಮಾಡಿದರೆ ಜೂನ್ ಮಳೆ ಹಿಡಿಯುವ ಹೊತ್ತಿಗೆ ಸರಿಹೋಗುತ್ತದೆ. ಪಾಪುಗೆ ಮೇನಲ್ಲಿ ಆರು ತಿಂಗಳು ತುಂಬುತ್ತದೆ. ಅಲ್ಲಿಯವರೆಗೆ ಕೊಡುವ ಹಾಗಿಲ್ಲ. ಅದಕ್ಕೇ ಸುತ್ತ ಇರುವವರು ಹಾಕಿಸಿಕೊಳ್ಳಬೇಕು. ಹಾಲು ಕುಡಿಸುವ ನೀನೂ ಹಾಕಿಸಿಕೊಳ್ಳಬಹುದು. ನಿಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಅವರಿಗಂತೂ ಬೇಕೇ ಬೇಕು.

ಒಂದು ಡೋಸಿಗೆ 2,000 ರೂಪಾಯಿ ಆಸುಪಾಸು ಇದೆ. ಇಬ್ಬರಿಗೂ ಎರಡೆರಡು ಅಂದರೆ ಮೊದಲ ವರ್ಷ 8,000ದ ಹತ್ತಿರ. ಚಿಕ್ಕ ಮೊತ್ತವಲ್ಲ. ಕೈ ಬಿಗಿ ಇದ್ದರೆ ಹೇಳು, ಮಾವನ ಹತ್ತಿರ ಸಂಕೋಚ ಏಕೆ?

ಮೊಟ್ಟೆಯ ವಿಷಯ ನಿಮ್ಮ ಅತ್ತೆಯವರು ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡ. ಹೆಚ್ಚಿನ ಫ್ಲೂ ಲಸಿಕೆಯ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ, ಆಮೇಲೆ ಶುದ್ಧಮಾಡಿ ತೆಗೆಯುತ್ತಾರೆ. ಮೊಟ್ಟೆ ಆಗದ ಮಕ್ಕಳಿಗೂ ಈಗ ಕೊಡುತ್ತಾರೆ. ಮಡಿಯ ಮಾತು ಬಂದರೆ ಅರಮನೆಯ ಕಥೆ ಹೇಳು. 1805ರಲ್ಲಿ ತಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನ ರಾಣಿಯರ ಚಿತ್ರ ಬರೆದ. ಅದರಲ್ಲಿ ರಾಣಿಯೊಬ್ಬಳು ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಆ ಲಸಿಕೆ ಬಂದದ್ದು ಹಸುವಿನ ಸಿಡುಬಿನಿಂದ. ಆಗಲೂ ಮೈಸೂರಿನವರು ಒಪ್ಪಿಕೊಂಡರು ನೋಡು.

ಸೂಜಿ ಚುಚ್ಚಿದ ಮೇಲೆ ಒಂದೆರಡು ದಿನ ಕೈ ನೋವು, ಸ್ವಲ್ಪ ಜ್ವರ ಬರಬಹುದು. ಸೂಜಿಯ ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ಅದರಿಂದ ಫ್ಲೂ ಬರುವುದಿಲ್ಲ. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು. ಜೋರು ಜ್ವರ ಇದ್ದರೆ ಮಾತ್ರ ಮುಂದೂಡಿ. ಹಿಂದೆ ಯಾವುದಾದರೂ ಲಸಿಕೆಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದರೆ ಡಾಕ್ಟರಿಗೆ ಮೊದಲೇ ಹೇಳು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರು.

ಕಷಾಯದ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ದೊಡ್ಡಪತ್ರೆ, ಶುಂಠಿ ಹಾಕಿ ಚಿಂಟುಗೆ ಒಂದೆರಡು ಚಮಚ ಕೊಟ್ಟರೆ ಗಂಟಲಿಗೆ ಹಿತ. ಆದರೆ ಅದು ಲಸಿಕೆಯ ಕೆಲಸ ಮಾಡುವುದಿಲ್ಲ. ಒಂದು ವರ್ಷ ತುಂಬದ ಪಾಪುಗೆ ಜೇನುತುಪ್ಪ ನೆಕ್ಕಿಸಬೇಡಿ, ಅದು ಅಪಾಯ. ಅಂಗಡಿಗೆ ಬಂದು ಮಗುವಿಗೆ ಒಂದು ಕೆಮ್ಮಿನ ಸಿರಪ್ ಕೊಡಿ ಅನ್ನುವವರು ದಿನಾ ಸಿಗುತ್ತಾರೆ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಸೇರಿರುವ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಬೇಡ ಅಂತ 2023ರಲ್ಲೇ ಕೇಂದ್ರದವರು ಹೇಳಿದ್ದಾರೆ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಆಸ್ಪಿರಿನ್ ಅಂತೂ ಮಕ್ಕಳ ಹತ್ತಿರ ಸುಳಿಯಲೇಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಮಗುವಿನ ತೂಕ ನೋಡಿ.

ಫ್ಲೂ ಬಂದೇಬಿಟ್ಟರೆ ಉಸಿರು ನೋಡು. ಜೋರು ಜೋರಾಗಿ ಉಸಿರಾಡಿದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಕರೆದರೂ ಕಣ್ಣು ಬಿಡದಿದ್ದರೆ, ಫಿಟ್ಸ್ ಬಂದರೆ, ಬೆಳಗಾಗಲಿ ಅಂತ ಕಾಯಬೇಡ. ರಾತ್ರಿ ನಿಮ್ಮ ಕ್ಲಿನಿಕ್ ಮುಚ್ಚಿದ್ದರೆ ಸೀದಾ ಚೆಲುವಾಂಬ ಆಸ್ಪತ್ರೆಗೆ ಕರೆದುಕೊಂಡು ಹೋಗು. ಆಟೋದಲ್ಲಿ ಕೂತ ಮೇಲೆ ನನಗೆ ಫೋನ್ ಮಾಡಿದರೆ ಸಾಕು.

ಲಸಿಕೆ ಹಾಕಿಸಿದ ತಾರೀಖು, ಬ್ಯಾಚ್ ನಂಬರ್ ಕಾರ್ಡಿನಲ್ಲಿ ಬರೆಸಿಕೋ. ಮುಂದಿನ ವರ್ಷ ಒಂದು ಡೋಸೋ ಎರಡೋ ಅನ್ನುವ ಗೊಂದಲ ಇರುವುದಿಲ್ಲ. ಭಾನುವಾರ ನಿಮ್ಮ ತಮ್ಮ ಆ ಕಡೆ ಬರುತ್ತಾನೆ, ಅವನ ಕೈಲಿ ಬೆಲ್ಲ ಕಳಿಸುತ್ತೇನೆ.

ಇತಿ ನಿನ್ನ ಮಾವ