ಮೋಟಾರು ಮತ್ತೆ ಬಿಚ್ಚಿಸಬೇಡಿ ಅಪ್ಪಯ್ಯ

ಮಸ್ಕತ್
ಜೂನ್ 12

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಪ್ಪಯ್ಯ, ನಿಮ್ಮ ಕಾಗದ ಗುರುವಾರ ಸಿಕ್ಕಿತು. ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಟ್ಟು ದೋಣಿ ಮೋಟಾರಿನ ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದು ನನಗೆ ಗೊತ್ತಿತ್ತು. ಅಷ್ಟಾದರೂ ದೋಣಿ ಎಳೆಯುತ್ತಿಲ್ಲ, ಮೇಸ್ತ್ರಿ ಇಂಜಿನ್ ಮತ್ತೆ ಬಿಚ್ಚಬೇಕು ಅನ್ನುತ್ತಿದ್ದಾರೆ, ಅದಕ್ಕೆ ಸರವನ್ನೂ ಇಡುವುದು ಅಂತ ಬರೆದಿದ್ದೀರಿ. ಕೈಮುಗಿದು ಹೇಳುತ್ತೇನೆ, ಸರ ಇಡಬೇಡಿ. ಇಂಜಿನ್ ಬಿಚ್ಚಿಸಬೇಡಿ. ಎಲ್ಲಕ್ಕಿಂತ ಮೊದಲು, ಆ ಮೋಟಾರು ಕಟ್ಟಿಕೊಂಡು ಸುಧಾಕರ ಅಳಿವೆ ದಾಟಬಾರದು. ಟ್ರಾಲ್ ಬೋಟುಗಳು ಜುಲೈ 31ರವರೆಗೆ ದಡದಲ್ಲಿರುವ ಈ ಎರಡು ತಿಂಗಳೇ ನಾಡದೋಣಿಯವರ ದುಡಿಮೆ, ಅದು ನನಗೂ ಗೊತ್ತು. ಆದರೆ ಅಳಿವೆ ಬಾಯಲ್ಲಿ ಹಿಂದಿನಿಂದ ತೆರೆ ಬರುವಾಗ ಮೋಟಾರು ಏರದಿದ್ದರೆ ದೋಣಿ ಅಡ್ಡ ತಿರುಗುತ್ತದೆ. ನಿಮಗೆ ನಾನು ಹೇಳಬೇಕಾಗಿಲ್ಲ.

ಸುಧಾಕರ ಕಳಿಸಿದ ವಿಡಿಯೊ ಹತ್ತು ಸಲವಾದರೂ ಕೇಳಿದೆ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ನಿಧಾನದಲ್ಲಿ ಸದ್ದು ಸಮವಾಗಿದೆ. ಅರ್ಧದವರೆಗೆ ಏರಿ, ಆಮೇಲೆ ಎಷ್ಟು ತಿರುಗಿಸಿದರೂ ಅಲ್ಲೇ ನಿಲ್ಲುತ್ತದೆ. ರಿಂಗ್ ಸರಿ ಕೂರದೆ ಸಿಲಿಂಡರಿನ ಒತ್ತಡ, ಅಂದರೆ ಕಂಪ್ರೆಷನ್, ಹೋಗಿದ್ದರೆ ಸ್ಟಾರ್ಟ್ ಆಗುವುದಕ್ಕೇ ಸತಾಯಿಸುತ್ತಿತ್ತು. ಹಾಗಾಗಿ ಪಿಸ್ಟನ್ ಮೇಲೆ ನನಗೆ ಸಂಶಯವಿಲ್ಲ. ಜೋಡಿಸುವಾಗ ಹೊರಗಡೆ ಏನೋ ತಪ್ಪಿದೆ.

ಹೋದ ತಿಂಗಳು ಇಲ್ಲೇ ಹೀಗಾಗಿತ್ತು. ಸೀಬ್ ಕಡೆಯ ಒಬ್ಬ ಮುದುಕರು ಬೇರೆಲ್ಲೋ ಇಂಜಿನ್ ಕೆಲಸ ಮಾಡಿಸಿ, ಇದೇ ದೂರು ಹೇಳಿಕೊಂಡು ಬಂದರು. ಇಂಜಿನ್ ಬಂದ್ ಮಾಡಿ, ವೇಗದ ಹ್ಯಾಂಡಲ್ ಪೂರ್ತಿ ತಿರುಗಿಸಿ ಹಿಡಿಯಿರಿ ಅಂತ ಅವರಿಗೆ ಹೇಳಿದೆ. ಕಾರ್ಬ್ಯುರೇಟರ್ ಬಾಯೊಳಗೆ ಬೆರಳು ಇಟ್ಟು ನೋಡಿದರೆ ಒಳಗಿನ ಬಿಲ್ಲೆ ನೆಟ್ಟಗೆ ಮಲಗಬೇಕಾದದ್ದು ಓರೆಯಾಗಿ ನಿಂತಿದೆ, ಅಂಚು ಬೆರಳಿಗೆ ತಾಗುತ್ತಿದೆ. ಹ್ಯಾಂಡಲ್ ಕೊನೆ ಮುಟ್ಟಿದರೂ ಬಾಯಿ ಮುಕ್ಕಾಲು ಮಾತ್ರ ತೆರೆದಿತ್ತು. ಹ್ಯಾಂಡಲಿನಿಂದ ಬಿಲ್ಲೆಯನ್ನು ತಿರುಗಿಸುವ ಲಿಂಕ್ ಕಡ್ಡಿಯನ್ನು ಮೂರು ಸುತ್ತು ತಿರುಗಿಸಿ ಸರಿಮಾಡಿದೆ, ಮೋಟಾರು ಹಾರಿತು. ಅವರು ನನ್ನ ತಲೆ ಮುಟ್ಟಿ ಹರಸಿದರು. ಆ ಹೊತ್ತಿಗೆ ನೀವೇ ನೆನಪಾದಿರಿ.

ಸುಧಾಕರ ಮೊದಲು ಇದನ್ನೇ ನೋಡಲಿ. ಅದು ಸರಿಯಿದ್ದರೆ ಹೊಳೆಯಲ್ಲೇ, ಅಳಿವೆಯಿಂದ ಒಳಗೆ, ಜೊತೆಗೊಬ್ಬರನ್ನು ಕರೆದುಕೊಂಡು ಓಡಿಸಲಿ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿರಲಿ. ಮೋಟಾರು ಸೋಲುವ ಹೊತ್ತಿಗೆ ಪೈಪಿನ ರಬ್ಬರ್ ಬಲ್ಬನ್ನು ಕೈಯಿಂದ ಒತ್ತುತ್ತಾ ಇರಲಿ. ಒತ್ತಿದಾಗ ಏರಿದರೆ ಇಂಧನ ಸಾಲುತ್ತಿಲ್ಲ ಅಂತ ಅರ್ಥ: ಪೈಪು ಗಾಳಿ ಎಳೆಯುತ್ತಿರಬೇಕು, ಇಲ್ಲವೇ ಪಂಪಿನ ಒಳಗಿನ ಪೊರೆ, ಡಯಾಫ್ರಾಮ್, ಹೋಗಿರಬೇಕು. ಆ ಪಂಪು ನಡೆಯುವುದೇ ಇಂಜಿನ್ ಒಳಗಿನ ಒತ್ತಡದಿಂದ, ಗ್ಯಾಸ್ಕೆಟ್ ತಿರುಗುಮುರುಗಾಗಿ ಕೂತು ತೂತು ಮುಚ್ಚಿದರೂ ಹೀಗೇ ಆಗುತ್ತದೆ. ಒಮ್ಮೆ ಸೀಮೆಎಣ್ಣೆ ಬಿಟ್ಟು, ಆಯಿಲ್ ಬೆರೆಸಿದ ಪೆಟ್ರೋಲಿನಲ್ಲೇ ಓಡಿಸಿ ನೋಡಲಿ. ಪೆಟ್ರೋಲಿಗೆ ಚೆನ್ನಾಗಿ ಎಳೆದರೆ ಸೀಮೆಎಣ್ಣೆಗೆ ನೀರು ಸೇರಿದೆಯೋ ಏನೋ, ಡಬ್ಬಿ ತಳ ನೋಡಿ. ಇಂಜಿನ್ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸುವ ಅವಸರ ಅವನಿಗಿದೆ, ಅದು ಬೇಡ. ಇದ್ಯಾವುದೂ ಅಲ್ಲದಿದ್ದರೆ ಕಾರ್ಬ್ಯುರೇಟರಿನ ಇಂಧನದ ತೂತು, ಮೇನ್ ಜೆಟ್, ಬಿಚ್ಚಿ ಊದಲಿ. ಆಮೇಲೆ ಫ್ಲೈವೀಲ್ ಕೆಳಗಿನ ಅರ್ಧಚಂದ್ರದ ಕೀ ನೋಡುವಂತೆ ಮೇಸ್ತ್ರಿಗೇ ಹೇಳಿ. ನಟ್ಟು ಸರಿಯಾಗಿ ಬಿಗಿಯದಿದ್ದರೆ ಆ ಕೀ ಕೂದಲೆಳೆಯಷ್ಟು ಜರುಗಿದರೂ ಕಿಡಿ ಹಾರುವ ಟೈಮಿಂಗ್ ತಪ್ಪುತ್ತದೆ.

ಇದರ ಜೊತೆ ಕಂಪ್ರೆಷನ್ ಗೇಜ್ ಒಂದು ಕಳಿಸಿದ್ದೇನೆ, ಖರ್ಜೂರದ ಪೊಟ್ಟಣದ ಒಳಗಿದೆ. ಎರಡೂ ಪ್ಲಗ್ ತೆಗೆದು, ವಯರ್‌ಗಳನ್ನು ಇಂಜಿನ್ ಮೈಗೆ ತಾಗಿಸಿಟ್ಟು, ಹ್ಯಾಂಡಲ್ ಪೂರ್ತಿ ತಿರುಗಿಸಿಟ್ಟು ಐದಾರು ಸಲ ಹಗ್ಗ ಎಳೆಯಲಿ. ಎರಡೂ ಸಿಲಿಂಡರಿಗೆ ಮುಳ್ಳು ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲಬೇಕು. ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೆ ಅಡ್ಡಿಯಿಲ್ಲ. ಒಂದು ತೀರಾ ಕೆಳಗಿದ್ದರೆ ಮಾತ್ರ ಬಿಚ್ಚುವ ಮಾತು, ಅದರ ಹಣ ನಾನು ಕಳಿಸುತ್ತೇನೆ.

ಇಲ್ಲಿ ಮೋಟಾರು ತಂದವರು ನೇರ ವಿಷಯಕ್ಕೆ ಬರುವುದಿಲ್ಲ. ಮೊದಲು ಖಾವಾ ಅನ್ನುವ ಇಲ್ಲಿನ ಕಾಫಿ, ಖರ್ಜೂರ, ಮನೆಯವರ ಕ್ಷೇಮ, ಆಮೇಲೆ ಮೋಟಾರು. ನಮ್ಮ ವರ್ಕ್‌ಶಾಪಿಗೆ ಬರುವುದೆಲ್ಲ ಪೆಟ್ರೋಲಿನವು. ನಮ್ಮೂರಲ್ಲಿ 9.9 ಎಚ್‌ಪಿ ಮೋಟಾರನ್ನು ಪೆಟ್ರೋಲಿಗೆ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಓಡಿಸಿ, ಮಳೆಗಾಲದ ಕಡಲಿಗೆ ಇಳಿಯುತ್ತಾರೆ ಅಂದರೆ ಬೆರಗಾಗುತ್ತಾರೆ. ಅಮ್ಮಾ, ಬೂತಾಯಿ ಒಣಗಿಸಿ ಇಲ್ಲಿ ಒಂಟೆಗೆ ಹಾಕುತ್ತಾರೆ! ಒಂಟೆ ಜಗಿದು ತಿನ್ನುವುದನ್ನು ಕಣ್ಣಾರೆ ಕಂಡೆ.

ನನ್ನ ಚಿಂತೆ ಮಾಡಬೇಡಿ. ಸೆಕೆಯಿದೆ ನಿಜ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರತನಕ ಬಯಲಲ್ಲಿ ದುಡಿಸಬಾರದು ಅಂತ ಇಲ್ಲಿ ಕಾನೂನೇ ಇದೆ. ರೂಮಿನಲ್ಲಿ ಎಸಿ ಇದೆ, ಊಟಕ್ಕೆ ಕುಚ್ಚಲಕ್ಕಿ ಸಿಗುತ್ತದೆ, ಮೈ ಗಟ್ಟಿಯಿದೆ, ಕೆಮ್ಮು ಪೂರ್ತಿ ಹೋಗಿದೆ. ಬಳೆಯ ಬಡ್ಡಿ ನಾನೇ ಕಟ್ಟುತ್ತೇನೆ, ದೀಪಾವಳಿ ಹೊತ್ತಿಗೆ ಬಳೆ ಅಮ್ಮನ ಕೈಲಿರುತ್ತದೆ.

ಈ ಕಾಗದ ತರುವ ಕೆಳಮನೆ ಅಣ್ಣಯ್ಯ ರಾತ್ರಿ ವಿಮಾನಕ್ಕೆ ಹೊರಟು ನಿಂತಿದ್ದಾರೆ, ಕಾರು ಬಂತು. ಸರಿಯಾದ ಮೇಲೂ ಮೊದಲ 10 ಗಂಟೆ ಪೂರ್ತಿ ವೇಗದಲ್ಲಿ ಓಡಿಸುವುದು ಬೇಡ, 25 ಪಾಲು ಇಂಧನಕ್ಕೆ 1 ಪಾಲು ಆಯಿಲ್ ಇರಲಿ. ಬಿಲ್ಲೆ ನೋಡಿದ ಕೂಡಲೇ ಸುಧಾಕರ ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಸರಿ.

ನಿಮ್ಮ ಮಗ,
ರಾಘು