ಬೇರೆ ಲೋಟ

ದಾವಣಗೆರೆ
ಭಾನುವಾರ

ಪುಟ್ಟಿ,

ಕಾಗದದಲ್ಲಿ ಬರೆದ ಮಿಕ್ಕಿದ್ದೆಲ್ಲ ಇರಲಿ. "ಮಗುವನ್ನು ಎತ್ತಿಕೊಳ್ಳೋಕೆ ಭಯ ಆಗುತ್ತೆ ದೊಡ್ಡಮ್ಮ" ಅಂದಿದ್ದೀಯಲ್ಲ, ಆ ಒಂದು ಸಾಲಿಗೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ನಿನ್ನ ಎಕ್ಸ್‌ರೇಯಲ್ಲಿ ಮಚ್ಚೆ, ಕಫದಲ್ಲಿ ಎರಡು ಸಲವೂ ರೋಗಾಣು ಇಲ್ಲ, ಆದರೂ ಮೂರು ತಿಂಗಳಿಂದ ಟಿಬಿ ಮಾತ್ರೆ. 2009ರಲ್ಲಿ ನನ್ನ ಮೈದುನನಿಗೂ ಹೀಗೇ ಆಗಿತ್ತು. ಮೆಕ್ಕೆಜೋಳದ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದ. ನಿನ್ನ ಹಾಗೇ ಚಿಕ್ಕಂದಿನಿಂದ ಉಬ್ಬಸ. ಎಂಟು ತಿಂಗಳು ಮಾತ್ರೆ ನುಂಗಿದರೂ ಕೆಮ್ಮು ನಿಲ್ಲಲಿಲ್ಲ. ಆಗ ನಾನು ಅವನಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರು, ನನಗೂ ನಿನ್ನದೇ ಭಯ. ಅವನು ಒಂದು ಮಾತೂ ಆಡಲಿಲ್ಲ. ಕುಡಿದು, ತಾನೇ ತೊಳೆದು, ಹಿತ್ತಿಲ ಕಟ್ಟೆ ಮೇಲೆ ಬೋರಲು ಹಾಕುತ್ತಿದ್ದ. ಟಿಬಿ ಗಾಳಿಯಿಂದ ಹರಡುತ್ತೆ, ತಟ್ಟೆ ಲೋಟದಿಂದ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಕೊನೆಗೆ ಬೇರೊಬ್ಬ ಡಾಕ್ಟರು, "ಕಫದಲ್ಲಿ ಕಂದು ಬಣ್ಣದ ಗಟ್ಟಿ ಉಂಡೆ ಬರುತ್ತಾ?" ಅಂತ ಕೇಳಿದರು. ಬರುತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿ ಇದ್ದರೆ ಏರುವ ಅಂಶ, ನಾಲ್ಕು ಸಾವಿರ ದಾಟಿತ್ತು, ಮಾಮೂಲಿಗಿಂತ ಎಷ್ಟೋ ಪಾಲು ಹೆಚ್ಚು. ಸಿಟಿ ಸ್ಕ್ಯಾನಿನಲ್ಲಿ ಶ್ವಾಸನಾಳಗಳು ಹಿಗ್ಗಿದ್ದವು. ಕಾರಣ ಆಸ್ಪರ್ಜಿಲಸ್ ಅನ್ನುವ ಬೂಷ್ಟು. ಎಲ್ಲರ ಮೂಗಿಗೂ ಹೋಗುತ್ತೆ, ಉಬ್ಬಸದವರಲ್ಲಿ ಕೆಲವರ ಮೈಗೆ ಮಾತ್ರ ಆಗಿಬರಲ್ಲ. ಶ್ವಾಸಕೋಶದ ಆ ಅಲರ್ಜಿಗೆ ಎಬಿಪಿಎ ಅಂತಾರೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಆ ದಿನ ಮನೆಗೆ ಬಂದು ಅವನ ಮುಖ ನೋಡಲಾಗಲಿಲ್ಲ ನನಗೆ.

ನಿನಗೂ ಅದೇ ಅಂತ ಹೇಳುತ್ತಿಲ್ಲ ಮಗಳೇ. ಟಿಬಿಯೇ ಇರಬಹುದು. ನಾನೇನು ಡಾಕ್ಟರಾ? ಕಫದಲ್ಲಿ ಟಿಬಿ ರೋಗಾಣುವಿನ ಗುರುತು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಆಗಿದೆಯಾ ಅಂತ ನಿನ್ನ ಡಾಕ್ಟರನ್ನು ಕೇಳು. ಉಬ್ಬಸದ ವಿಷಯ ನೀನಾಗೇ ಹೇಳು, ಐಜಿಇ ನೋಡೋಣವಾ ಅಂತ ಕೇಳು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಆದರೆ ಸುಮ್ನೆ ಮಾತ್ರೆ ಬಿಟ್ಟುಬಿಡಬೇಡ. ಮೈದುನನಿಗೆ ಸ್ಟೆರಾಯ್ಡ್‌ನಿಂದ ವಾಸಿಯಾಯಿತು ಅಂತ ಅಂಗಡಿಯಲ್ಲಿ ಕೊಂಡೂ ನುಂಗಬೇಡ. ನಿಜವಾಗಿ ಟಿಬಿ ಇದ್ದರೆ ಅದರಿಂದ ಇನ್ನೂ ಜಾಸ್ತಿಯಾಗುತ್ತೆ.

ಮಗುವನ್ನು ಎತ್ತಿಕೊಳ್ಳಬಹುದಾ ಅಂತಲೂ ನೇರವಾಗಿ ಕೇಳಿಬಿಡು. ಅಕ್ಕಪಕ್ಕದವರನ್ನು ಕೇಳಬೇಡ. ನನ್ನಂಥವಳನ್ನಂತೂ ಕೇಳಲೇಬೇಡ.

ಮೈದುನ ಈಗಲೂ ಮನೆಗೆ ಬಂದರೆ ಕಾಫಿ ಕುಡಿದು ತಾನೇ ಲೋಟ ತೊಳೆದು ಬೋರಲು ಹಾಕುತ್ತಾನೆ. ಬೇಡ ಅಂದರೂ ಕೇಳಲ್ಲ.

ಹಳೇ ಎಕ್ಸ್‌ರೇಗಳನ್ನೂ ತಗೊಂಡು ಹೋಗು. ಏನಂದರು ಅಂತ ಅವತ್ತೇ ಫೋನ್ ಮಾಡು.

ನಿನ್ನ
ದೊಡ್ಡಮ್ಮ